ಹಿಮವೇ ನೆಲವಾದ ಖಂಡ

ಸಭೆಯಲ್ಲಿರುವ ಹಿರಿಯರಿಗೆ, ಅಧ್ಯಾಪಕ ಮಿತ್ರರಿಗೆ ಮತ್ತು ವಿದ್ಯಾರ್ಥಿಗಳಿಗೆ ನಮಸ್ಕಾರ.

ಅಂಟಾರ್ಕ್ಟಿಕ ಖಂಡದ ಮಾತು ಬಂದಾಗಲೆಲ್ಲ ಅಲ್ಲಿ ಏನೇನು ಇಲ್ಲ ಎಂದು ಹೇಳಿ ಮುಗಿಸುವ ರೂಢಿಯೊಂದಿದೆ. ಅಲ್ಲಿ ಮರವಿಲ್ಲ, ಬೇಸಾಯವಿಲ್ಲ, ಮೂಲನಿವಾಸಿಗಳಿಲ್ಲ, ಧ್ರುವದ ಚಳಿಗಾಲದಲ್ಲಿ ಸೂರ್ಯನ ಸುಳಿವೂ ಇಲ್ಲ. ಈ ಮಾತುಗಳೆಲ್ಲ ನಿಜವೇ ಆದರೂ ಅವುಗಳಿಂದ ಅಲ್ಲಿ ಏನು ನಡೆಯುತ್ತಿದೆ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಈ ಉಪನ್ಯಾಸದಲ್ಲಿ ನಾನು ಒಂದೇ ಎಳೆಯನ್ನು ಹಿಡಿದು ಹೋಗುತ್ತೇನೆ. ಅದು ಆ ಖಂಡದಲ್ಲಿ ಹಿಮ ಮಾಡುವ ಕೆಲಸದ ಎಳೆ. ಹಿಮವೆಂದರೆ ಜೀವಕ್ಕೆ ಅಡ್ಡಿ, ಅದು ಕರಗಿ ಸರಿದರೆ ಕೆಳಗಿನ ನೆಲಕ್ಕೆ ಬಿಡುಗಡೆ ಎಂದು ಬಿಸಿಲ ನಾಡಿನವರಾದ ನಮಗೆ ತೋರುವುದು ಸಹಜ. ಅಲ್ಲಿಯ ಸಂಗತಿಗಳನ್ನು ಹತ್ತಿರದಿಂದ ನೋಡುತ್ತ ಹೋದಂತೆ ಚಿತ್ರ ಬದಲಾಗುತ್ತದೆ. ಅಲ್ಲಿಯ ಗಾಳಿಯನ್ನು ನಡೆಸುವುದು, ಕಡಲ ಆಳಕ್ಕೆ ತಣ್ಣೀರನ್ನು ಇಳಿಸುವುದು, ಕೋಟ್ಯಂತರ ಜೀವಿಗಳಿಗೆ ಮೇವು ಒದಗಿಸುವುದು, ಮರಿಗಳಿಗೆ ಕಾಲೂರಲು ಜಾಗ ಕೊಡುವುದು ಎಲ್ಲವೂ ಹಿಮದ ಕೆಲಸವೇ ಎಂಬುದು ಮನವರಿಕೆಯಾಗುತ್ತದೆ.

ಮೊದಲು ಗಾತ್ರದ ಕಲ್ಪನೆ ಬರಲಿ. ಖಂಡದ ವಿಸ್ತೀರ್ಣ ಸುಮಾರು 1.4 ಕೋಟಿ ಚದರ ಕಿಲೋಮೀಟರ್. ಭಾರತದ ನಾಲ್ಕು ಪಟ್ಟಿಗಿಂತ ಹೆಚ್ಚು. ಅದರ ಶೇ. 98ರಷ್ಟು ಭಾಗ ಹಿಮದ ಅಡಿಯಲ್ಲಿದೆ. ಹಿಮದ ಸರಾಸರಿ ದಪ್ಪ ಎರಡು ಕಿಲೋಮೀಟರಿನಷ್ಟು, ಕೆಲವೆಡೆ ನಾಲ್ಕೂವರೆ ಕಿಲೋಮೀಟರಿಗೂ ಮೀರಿದ್ದು. ದಕ್ಷಿಣ ಧ್ರುವಬಿಂದು ಸಮುದ್ರಮಟ್ಟದಿಂದ 2,835 ಮೀಟರ್ ಎತ್ತರದಲ್ಲಿದೆ ಎಂದು ಭೂಪಟದಲ್ಲಿ ಓದುತ್ತೇವೆ. ಆ ಎತ್ತರದಲ್ಲಿ ಸುಮಾರು 2,700 ಮೀಟರ್ ಬರಿಯ ಹಿಮವೇ. 1911ರ ಡಿಸೆಂಬರ್ 14ರಂದು ನಾರ್ವೆಯ ರೋವಾಲ್ಡ್ ಅಮುಂಡ್ಸೆನ್ ಅಲ್ಲಿ ಬಾವುಟ ನೆಟ್ಟಾಗ ಅವರ ಕಾಲಡಿಯ ಬಂಡೆ ಬಹುಮಟ್ಟಿಗೆ ಸಮುದ್ರಮಟ್ಟದಲ್ಲೇ ಇತ್ತು. ಜಗತ್ತಿನ ಖಂಡಗಳಲ್ಲೆಲ್ಲ ಸರಾಸರಿ ಎತ್ತರದಲ್ಲಿ ಇದೇ ಮೊದಲನೆಯದು, ಮತ್ತು ಆ ಎತ್ತರವನ್ನು ಕೊಟ್ಟಿರುವುದು ಹೆಚ್ಚಿನಂಶ ಹಿಮ.

ಇಷ್ಟು ಹಿಮ ಬಿದ್ದದ್ದು ಭಾರಿ ಮಳೆಯ ಲೆಕ್ಕದಲ್ಲಿ ಅಲ್ಲ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಖಂಡದ ಒಳಭಾಗದಲ್ಲಿ ವರ್ಷವಿಡೀ ಬೀಳುವ ಹಿಮವನ್ನು ಕರಗಿಸಿ ಅಳೆದರೆ ನೀರು 50 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಮಳೆಯ ಅಳತೆಯಲ್ಲಿ ಅದು ಮರುಭೂಮಿ. ಬಿದ್ದದ್ದು ಕರಗುವುದಿಲ್ಲ ಎಂಬುದಷ್ಟೇ ಅದರ ಐಶ್ವರ್ಯ. ಒಂದು ವರ್ಷದ ತೆಳುಪದರದ ಮೇಲೆ ಮರುವರ್ಷದ ಪದರ ಕೂತು, ಮೇಲಿನ ಭಾರಕ್ಕೆ ಕೆಳಗಿನದು ಒತ್ತಿ ಗಟ್ಟಿಯಾಗಿ, ಲಕ್ಷಾಂತರ ವರ್ಷಗಳಲ್ಲಿ ಈ ರಾಶಿ ಬೆಳೆದಿದೆ. ತನ್ನದೇ ತೂಕಕ್ಕೆ ಅದು ನಿಧಾನವಾಗಿ ಅಂಚಿನತ್ತ ಹರಿಯುತ್ತದೆ, ಹಿಮನದಿಗಳಾಗಿ ಕಣಿವೆಗಳಲ್ಲಿ ಇಳಿಯುತ್ತದೆ, ಕಡಲನ್ನು ತಲುಪಿದ ಮೇಲೂ ಮುರಿಯದೆ ನೀರಿನ ಮೇಲೆ ತೇಲುವ ಹಿಮಚಾಚಾಗಿ ಮುಂದುವರಿಯುತ್ತದೆ. ರಾಸ್ ಹಿಮಚಾಚು ಒಂದೇ ಐದು ಲಕ್ಷ ಚದರ ಕಿಲೋಮೀಟರಿನಷ್ಟಿದೆ, ಅಂದರೆ ಇಡೀ ಕರ್ನಾಟಕದ ಎರಡೂವರೆ ಪಟ್ಟು. ಅದರ ತುದಿಯಿಂದ ಆಗಾಗ ಕಳಚಿಕೊಳ್ಳುವ ತುಂಡುಗಳೇ ಕಡಲಲ್ಲಿ ತೇಲುವ ಹಿಮಬಂಡೆಗಳು. 2000ನೆಯ ಇಸವಿಯಲ್ಲಿ ಹೀಗೆ ಕಳಚಿದ ಒಂದು ಬಂಡೆಯ ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್ ಇತ್ತು. ಒಳನಾಡಿನಲ್ಲಿ ಬೀಳುವ ಹಿಮ ಮತ್ತು ಅಂಚಿನಲ್ಲಿ ಕಳೆದುಹೋಗುವ ಹಿಮ ಸರಿತೂಗಿದಷ್ಟು ಕಾಲ ಖಂಡದ ಗಾತ್ರ ಹಾಗೆಯೇ ಉಳಿಯುತ್ತದೆ. ಈ ಸರಿತೂಗುವಿಕೆಯ ವಿಷಯಕ್ಕೆ ಮುಂದೆ ಮರಳಿ ಬರಬೇಕಾಗುತ್ತದೆ.

ಆ ನೆಲ ಎಂದೆಂದೂ ಹೀಗೆ ಇರಲಿಲ್ಲ. 1912ರಲ್ಲಿ ಧ್ರುವದಿಂದ ಮರಳುವ ದಾರಿಯಲ್ಲಿ ಪ್ರಾಣಬಿಟ್ಟ ಬ್ರಿಟನ್ನಿನ ರಾಬರ್ಟ್ ಸ್ಕಾಟ್ ಮತ್ತು ಸಂಗಾತಿಗಳ ಜಾರುಬಂಡಿಯಲ್ಲಿ ಸುಮಾರು 16 ಕಿಲೋ ಕಲ್ಲುಗಳಿದ್ದವು. ನಿಶ್ಶಕ್ತರಾಗಿ, ಆಹಾರ ಮುಗಿಯುತ್ತ ಬಂದಾಗಲೂ ಅವರು ಬಿಸಾಡದೆ ಎಳೆದು ತಂದ ಆ ಕಲ್ಲುಗಳಲ್ಲಿ ಗ್ಲೊಸಾಪ್ಟೆರಿಸ್ ಎಂಬ ಸಸ್ಯದ ಎಲೆಗಳ ಅಚ್ಚು ಇತ್ತು. ವಿಜ್ಞಾನದ ಚರಿತ್ರೆಯಲ್ಲಿ ನನಗೆ ಬಹಳ ಗೌರವವಿರುವ ಪ್ರಸಂಗಗಳಲ್ಲಿ ಇದೊಂದು. ಅದೇ ಸಸ್ಯದ ಅಚ್ಚುಗಳು ಭಾರತದ ಕಲ್ಲಿದ್ದಲ ಪದರಗಳಲ್ಲೂ ಹೇರಳವಾಗಿ ಸಿಗುತ್ತವೆ. ಗೊಂಡ್ವಾನ ಭೂಭಾಗ ಒಂದಾಗಿದ್ದ ಕಾಲದಲ್ಲಿ ನಮ್ಮ ಪೂರ್ವ ಕರಾವಳಿ ಮತ್ತು ಪೂರ್ವ ಅಂಟಾರ್ಕ್ಟಿಕ ಒಂದಕ್ಕೊಂದು ಅಂಟಿಕೊಂಡಿದ್ದವು. ಪೂರ್ವಘಟ್ಟದ ಶಿಲೆಗಳಿಗೂ ಅಲ್ಲಿಯ ಕರಾವಳಿಯ ಶಿಲೆಗಳಿಗೂ ಇರುವ ಹೊಂದಿಕೆ ಇಂದಿಗೂ ಭೂವಿಜ್ಞಾನಿಗಳ ಅಧ್ಯಯನದ ವಸ್ತು. ಖಂಡಗಳು ದೂರ ಸರಿದು, ಅಂಟಾರ್ಕ್ಟಿಕದ ಸುತ್ತ ಕಡಲು ತೆರೆದುಕೊಂಡು, ವಾತಾವರಣದ ಇಂಗಾಲದ ಡೈಆಕ್ಸೈಡ್ ಕುಗ್ಗಿದ ಮೇಲೆ, ಸುಮಾರು 3.4 ಕೋಟಿ ವರ್ಷಗಳ ಹಿಂದೆ ಅಲ್ಲಿ ಹಿಮ ನೆಲೆನಿಂತಿತು. ಇಂದು ಖಂಡವನ್ನು ಪಶ್ಚಿಮದಿಂದ ಪೂರ್ವಕ್ಕೆ ಸುತ್ತುವರಿದು ಹರಿಯುವ ಕಡಲಪ್ರವಾಹಕ್ಕೆ ದಾರಿಯಲ್ಲಿ ಎಲ್ಲೂ ನೆಲದ ತಡೆಯಿಲ್ಲ. ಜಗತ್ತಿನ ಎಲ್ಲ ನದಿಗಳ ನೀರನ್ನು ಕೂಡಿಸಿದರೂ ಅದರ ನೂರನೆಯ ಒಂದು ಪಾಲಿಗೆ ಸಮವಾಗದು. ಉತ್ತರದ ಬೆಚ್ಚನೆಯ ಮೇಲ್ನೀರು ಖಂಡದ ಬಳಿ ಸುಳಿಯದಂತೆ ಅದು ಕಾಯುತ್ತದೆ.

ಇನ್ನು ಚಳಿಯ ವಿಷಯ. 1983ರ ಜುಲೈ 21ರಂದು ಅಂದಿನ ಸೋವಿಯತ್ ಒಕ್ಕೂಟದ ವೊಸ್ಟೊಕ್ ಕೇಂದ್ರದಲ್ಲಿ ಸೊನ್ನೆಗಿಂತ 89.2 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆ ದಾಖಲಾಯಿತು. ಆದರೆ ಚಳಿಯ ಅಂಕಿಗಿಂತ ಚಳಿಯ ಕೆಲಸ ನಮಗಿಲ್ಲಿ ಮುಖ್ಯ. ಎತ್ತರದ ಹಿಮಪ್ರಸ್ಥಭೂಮಿಯ ಮೇಲೆ ತಂಪಾಗಿ ಭಾರವಾದ ಗಾಳಿ ಇಳಿಜಾರಿನುದ್ದಕ್ಕೂ ಕರಾವಳಿಯ ಕಡೆಗೆ ಜಾರತೊಡಗುತ್ತದೆ, ಕಣಿವೆಗಳಲ್ಲಿ ಸೇರಿಕೊಂಡು ಬಿರುಸಾಗುತ್ತದೆ. ಆಸ್ಟ್ರೇಲಿಯದ ಡಗ್ಲಸ್ ಮಾಸನ್ ತಂಡ 1912-13ರಲ್ಲಿ ಬೀಡುಬಿಟ್ಟಿದ್ದ ಕೇಪ್ ಡೆನಿಸನ್ ಎಂಬಲ್ಲಿ ಗಾಳಿಯ ವರ್ಷದ ಸರಾಸರಿ ವೇಗವೇ ಗಂಟೆಗೆ 70 ಕಿಲೋಮೀಟರಿನ ಆಸುಪಾಸಿನಲ್ಲಿತ್ತು. ನಮ್ಮ ಕರಾವಳಿಯಲ್ಲಿ ಬಿರುಗಾಳಿ ಎಂದು ಮುನ್ನೆಚ್ಚರಿಕೆ ಕೊಡುವ ವೇಗ ಅಲ್ಲಿ ದಿನನಿತ್ಯದ್ದು. ಈ ಗಾಳಿ ಕಡಲಿಗಿಳಿದು, ಆಗಷ್ಟೇ ಹೆಪ್ಪುಗಟ್ಟಿದ ಹಿಮವನ್ನು ದಡದಿಂದ ದೂರಕ್ಕೆ ದೂಡಿಬಿಡುತ್ತದೆ. ತೆರೆದುಕೊಂಡ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಗಾಳಿ ಅದನ್ನೂ ದೂಡುತ್ತದೆ. ಇಡೀ ಚಳಿಗಾಲ ಇದೇ ನಡೆಯುತ್ತದೆ.

ಇಲ್ಲಿಂದ ಮುಂದಿನ ಸಂಗತಿ ನಮ್ಮ ಮನೆಬಾಗಿಲಿನವರೆಗೂ ಬರುತ್ತದೆ. ಸಮುದ್ರದ ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ತನ್ನೊಳಗೆ ಉಳಿಸಿಕೊಳ್ಳುವುದಿಲ್ಲ. ಬಹುಪಾಲನ್ನು ಹೊರಗೆ ಹಾಕುತ್ತದೆ. ಹೀಗೆ ಹೊರಬಿದ್ದ ಉಪ್ಪು ಸೇರಿ ಅತ್ಯಂತ ತಣ್ಣಗೂ ಅತ್ಯಂತ ಭಾರವೂ ಆದ ನೀರು ಕಡಲತಳಕ್ಕೆ ಇಳಿದು, ಅಲ್ಲಿಂದ ಉತ್ತರಕ್ಕೆ ತೆವಳುತ್ತ ಎಲ್ಲ ಮಹಾಸಾಗರಗಳ ತಳವನ್ನು ಸೇರುತ್ತದೆ. ಹಿಂದೂ ಮಹಾಸಾಗರಕ್ಕೆ ಉತ್ತರದಲ್ಲಿ ಏಷ್ಯಾ ಖಂಡ ಅಡ್ಡ ನಿಂತಿರುವುದರಿಂದ ಅದರ ತಳಕ್ಕೆ ತಣ್ಣೀರು ಬರುವ ದಾರಿ ದಕ್ಷಿಣದ್ದೇ. ಕಾರವಾರ ಅಥವಾ ಮಂಗಳೂರಿನ ದಡದಲ್ಲಿ ನೀರು 28 ಡಿಗ್ರಿ ಬೆಚ್ಚಗಿರುವ ದಿನವೂ, ಅರಬ್ಬೀ ಸಮುದ್ರದ ಆಳದಲ್ಲಿ ಮೂರು ನಾಲ್ಕು ಕಿಲೋಮೀಟರ್ ಕೆಳಗೆ ನೀರಿನ ಉಷ್ಣತೆ ಸುಮಾರು ಎರಡು ಡಿಗ್ರಿಯಷ್ಟೇ ಇರುತ್ತದೆ. ಆ ತಂಪು ಅಂಟಾರ್ಕ್ಟಿಕದ ಅಂಚಿನಲ್ಲಿ ನೀರು ಹೆಪ್ಪುಗಟ್ಟಿದ್ದರ ಫಲ. ಆಳಕ್ಕೆ ಇಳಿಯುವ ಈ ನೀರು ತನ್ನೊಡನೆ ಆಮ್ಲಜನಕವನ್ನೂ ಒಯ್ಯುತ್ತದೆ ಎಂಬುದನ್ನು ಸೇರಿಸಿಕೊಂಡರೆ, ಬೆಳಕೇ ಕಾಣದ ಆಳದ ಜೀವಿಗಳ ಉಸಿರಿಗೂ ಆ ಹಿಮಕ್ಕೂ ಇರುವ ನಂಟು ಅರ್ಥವಾಗುತ್ತದೆ.

ಕಡಲ ಹಿಮ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಉಪ್ಪುನೀರು ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಮೊದಲಿಗೆ ನೀರಿನಲ್ಲಿ ಸೂಜಿಯಂಥ, ಚಕ್ಕೆಯಂಥ ಹರಳುಗಳು ಕಾಣಿಸಿಕೊಳ್ಳುತ್ತವೆ. ಅವು ಒತ್ತಾದಂತೆ ಕಡಲ ಮೈ ಮಂದವಾಗಿ, ಎಣ್ಣೆ ಸವರಿದಂತೆ ಮಾಸಲಾಗುತ್ತದೆ. ಅಲೆಗಳ ಚೂಪು ಕಡಿಮೆಯಾಗುತ್ತದೆ. ಬಳಿಕ ಅಲೆಯ ಹೊಯ್ದಾಟಕ್ಕೆ ಒಂದಕ್ಕೊಂದು ತಾಗಿ ಅಂಚು ಮೇಲೆದ್ದ ದುಂಡು ಬಿಲ್ಲೆಗಳಾಗಿ, ಆ ಬಿಲ್ಲೆಗಳು ಬೆಸೆದುಕೊಂಡು ಗಟ್ಟಿ ಹಾಸಾಗುತ್ತದೆ. ಫೆಬ್ರವರಿಯಲ್ಲಿ ಸುಮಾರು 30 ಲಕ್ಷ ಚದರ ಕಿಲೋಮೀಟರ್ ಇರುತ್ತಿದ್ದ ಈ ಹಾಸು ಸೆಪ್ಟೆಂಬರ್ ಹೊತ್ತಿಗೆ ಸುಮಾರು 1.8 ಕೋಟಿ ಚದರ ಕಿಲೋಮೀಟರಿಗೆ ಹರಡುವುದು ವಾಡಿಕೆ. ಪ್ರತಿ ವರ್ಷವೂ ಖಂಡಕ್ಕಿಂತ ದೊಡ್ಡದಾದ ಹಿಮದ ನೆಲವೊಂದು ಹುಟ್ಟಿ ಅಳಿಯುತ್ತದೆ ಎಂದಾಯಿತು. ಭೂಮಿಯ ಮೇಲೆ ಋತುಮಾನದ ಇಷ್ಟು ದೊಡ್ಡ ಬದಲಾವಣೆ ಮತ್ತೊಂದು ಸಿಗುವುದು ಕಷ್ಟ.

ಈ ಹಾಸಿನ ಒಳಗೆ ಉಪ್ಪುನೀರು ಉಳಿದ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುತ್ತವೆ. ಅವುಗಳಲ್ಲಿ, ಮತ್ತು ಹಾಸಿನ ತಳಮೈಯಲ್ಲಿ, ಕಣ್ಣಿಗೆ ಕಾಣದ ಪಾಚಿಗಳು ನೆಲೆಸುತ್ತವೆ. ಹಡಗು ಹಿಮವನ್ನು ಒಡೆದು ಸಾಗುವಾಗ ಮಗುಚಿಬಿದ್ದ ತುಂಡುಗಳ ಅಡಿಭಾಗ ಕಂದುಬಣ್ಣಕ್ಕಿರುವುದು ಈ ಪಾಚಿಯಿಂದಲೇ. ಹಿಮದ ಮೂಲಕ ಸೋಸಿ ಬರುವ ಮಂದ ಬೆಳಕೇ ಅವಕ್ಕೆ ಸಾಕು. ಕಡಲ ನೀರಿನಲ್ಲಿ ಬೇರೆ ಆಹಾರ ದೊರೆಯದ ಚಳಿಗಾಲದಲ್ಲಿ ಕ್ರಿಲ್ ಎಂಬ, ಸಿಗಡಿಯನ್ನು ಹೋಲುವ ಜೀವಿಯ ಮರಿಗಳು ತಲೆಕೆಳಗಾಗಿ ಈಜುತ್ತ ಈ ತಳಮೈಯನ್ನು ಕೆರೆದು ತಿಂದು ಬದುಕುಳಿಯುತ್ತವೆ. ಬೆಳೆದ ಕ್ರಿಲ್ ಆರು ಸೆಂಟಿಮೀಟರ್ ಉದ್ದ, ಎರಡು ಗ್ರಾಂ ತೂಕ. ಆದರೆ ದಕ್ಷಿಣ ಸಾಗರದಲ್ಲಿರುವ ಒಟ್ಟು ಕ್ರಿಲ್‌ನ ತೂಕ 30 ಕೋಟಿ ಟನ್ನಿಗೂ ಹೆಚ್ಚೆಂದು ಅಂದಾಜು. ಪೆಂಗ್ವಿನ್, ಸೀಲ್, ಮೀನು, ಕಡಲಹಕ್ಕಿ, ನೀಲಿ ತಿಮಿಂಗಿಲ ಎಲ್ಲವೂ ನೇರವಾಗಿಯೋ ಪರೋಕ್ಷವಾಗಿಯೋ ಇದರ ಮೇಲೆ ನಿಂತಿವೆ. ಇಷ್ಟು ದೊಡ್ಡ ಪ್ರಾಣಿಗಳು ಇಷ್ಟು ಸಣ್ಣ ಜೀವಿಯನ್ನು ತಿಂದು ಬದುಕುವ, ನಡುವೆ ಹೆಚ್ಚು ಮೆಟ್ಟಿಲುಗಳೇ ಇಲ್ಲದ ಆಹಾರ ಸರಪಳಿ ಅದು. ಅದರ ಬಲವೂ ಅಪಾಯವೂ ಅಲ್ಲೇ ಇದೆ.

ತಿಮಿಂಗಿಲಗಳ ಮಾತು ಬಂದದ್ದರಿಂದ ಒಂದು ಉಪಕಥೆ. ಇಪ್ಪತ್ತನೆಯ ಶತಮಾನದ ಬೇಟೆಯಲ್ಲಿ ದಕ್ಷಿಣಾರ್ಧಗೋಳದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳನ್ನು ಕೊಲ್ಲಲಾಯಿತು. ತಿನ್ನುವವರು ಇಲ್ಲವಾದ ಮೇಲೆ ಕ್ರಿಲ್ ಉಕ್ಕಿ ಹರಿಯಬೇಕಿತ್ತಲ್ಲ ಎಂದು ಕೇಳುವುದು ನ್ಯಾಯ. ಹಾಗಾಗಲಿಲ್ಲ. ದಕ್ಷಿಣ ಸಾಗರದ ಮೇಲ್ನೀರಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ. ಪಾಚಿ ಬೆಳೆಯಲು ಅದು ಬೇಕು. ತಿಮಿಂಗಿಲ ಕ್ರಿಲ್ ತಿಂದು ಮೇಲ್ಮೈಯಲ್ಲಿ ಹಾಕುವ ಹಿಕ್ಕೆಯಲ್ಲಿ ಕಬ್ಬಿಣ ಧಾರಾಳವಾಗಿದ್ದು, ಅದೇ ಪಾಚಿಗೆ ಗೊಬ್ಬರವಾಗುತ್ತಿತ್ತು, ಗೊಬ್ಬರ ನಿಂತದ್ದರಿಂದ ಮೇವು ಕುಗ್ಗಿತು ಎಂಬುದು ಹಲವು ವಿಜ್ಞಾನಿಗಳು ಕೊಡುವ ವಿವರಣೆ. ನನಗೆ ಇದು ಒಪ್ಪುವಂಥದ್ದಾಗಿ ಕಾಣುತ್ತದೆ.

ಅಲ್ಲಿಯ ಮೀನುಗಳು ಸೊನ್ನೆಗಿಂತ ಕೆಳಗಿನ ನೀರಿನಲ್ಲಿ ಹೆಪ್ಪುಗಟ್ಟದೆ ಇರುವುದಕ್ಕೆ ಅವುಗಳ ರಕ್ತದಲ್ಲಿರುವ ವಿಶೇಷ ಪ್ರೋಟೀನ್ ಕಾರಣ. ಒಳಸೇರಿದ ಹಿಮದ ಹರಳಿಗೆ ಅದು ಅಂಟಿಕೊಂಡು ಹರಳು ಬೆಳೆಯದಂತೆ ತಡೆಯುತ್ತದೆ. ಹಿಮಮೀನು ಎಂದು ಕರೆಯುವ ಒಂದು ಕುಟುಂಬದ ಮೀನುಗಳಿಗೆ ಹಿಮೋಗ್ಲೋಬಿನ್ನೇ ಇಲ್ಲ, ರಕ್ತ ಬಣ್ಣವಿಲ್ಲದೆ ತಿಳಿಯಾಗಿರುತ್ತದೆ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುವುದರಿಂದ ಅವಕ್ಕೆ ಅಷ್ಟರಲ್ಲೇ ನಡೆಯುತ್ತದೆ. 2021ರ ಫೆಬ್ರವರಿಯಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಎಂಬ ಸಂಶೋಧನಾ ಹಡಗು ವೆಡೆಲ್ ಸಮುದ್ರದ ದಕ್ಷಿಣ ಭಾಗದಲ್ಲಿ ಕ್ಯಾಮೆರಾವನ್ನು ನೀರಿನಾಳಕ್ಕೆ ಇಳಿಸಿ ಎಳೆಯುತ್ತಿದ್ದಾಗ, ಕಡಲತಳದಲ್ಲಿ ದುಂಡನೆಯ ಗುಳಿಗಳು ಕಾಣತೊಡಗಿದವು. ಪ್ರತಿ ಗುಳಿಯೂ ಮುಕ್ಕಾಲು ಮೀಟರಿನಷ್ಟು ಅಗಲ. ತಳದಲ್ಲಿ ಸಣ್ಣ ಕಲ್ಲುಗಳು, ಅವುಗಳ ಮೇಲೆ ಸರಾಸರಿ ಸಾವಿರದೇಳುನೂರು ಮೊಟ್ಟೆಗಳು, ಪಕ್ಕದಲ್ಲಿ ಕಾವಲಿಗೆ ನಿಂತ ಒಂದು ಮೀನು. ಕ್ಯಾಮೆರಾ ಗಂಟೆಗಟ್ಟಲೆ ಸಾಗಿದರೂ ಗುಳಿಗಳು ಮುಗಿಯಲಿಲ್ಲ. ಸುಮಾರು 240 ಚದರ ಕಿಲೋಮೀಟರ್ ಹರಡಿದ ಆ ನೆಲೆಯಲ್ಲಿ ಆರು ಕೋಟಿ ಗೂಡುಗಳಿವೆ ಎಂದು ಅಂದಾಜಿಸಲಾಯಿತು. ಮೇಲೆ ಹಿಮ ಮುಚ್ಚಿದ, ಅದುವರೆಗೆ ಯಾರ ಲೆಕ್ಕದಲ್ಲೂ ಇಲ್ಲದ ಜಾಗ ಅದು. ಖಂಡ ಬರಡು ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಗೊತ್ತಿಲ್ಲ.

ಹಿಮವೇ ನೆಲ ಎಂಬ ಮಾತನ್ನು ಅಕ್ಷರಶಃ ಬದುಕುವ ಜೀವಿ ಎಂಪರರ್ ಪೆಂಗ್ವಿನ್. ಈ ಹಕ್ಕಿ ಬಹುಮಟ್ಟಿಗೆ ತನ್ನ ಜೀವಮಾನವಿಡೀ ಮಣ್ಣು ಮುಟ್ಟುವುದಿಲ್ಲ. ಬೇರೆ ಹಕ್ಕಿಗಳು ಖಂಡವನ್ನು ಬಿಟ್ಟು ಹೋಗುವ ಹೊತ್ತಿಗೆ, ಮಾರ್ಚ್ ಏಪ್ರಿಲ್‌ನಲ್ಲಿ, ಇದು ದಡಕ್ಕೆ ಕಚ್ಚಿಕೊಂಡು ನಿಂತ ಕಡಲ ಹಿಮಕ್ಕೆ ಬರುತ್ತದೆ. ಮೇ ಜೂನ್‌ನಲ್ಲಿ ಹೆಣ್ಣು ಒಂದೇ ಮೊಟ್ಟೆಯಿಟ್ಟು, ಅದನ್ನು ಗಂಡಿನ ಪಾದಗಳ ಮೇಲೆ ದಾಟಿಸಿ, ಮೇವಿಗೆಂದು ಕಡಲಿಗೆ ಹೊರಟುಹೋಗುತ್ತದೆ. ದಾಟಿಸುವಾಗ ಮೊಟ್ಟೆ ಹಿಮಕ್ಕೆ ಉರುಳಿ ಸ್ವಲ್ಪ ಹೊತ್ತು ಉಳಿದರೂ ಒಳಗಿನ ಜೀವ ಹೋಯಿತು. ಗಂಡು ಅದನ್ನು ಹೊಟ್ಟೆಯ ಕೆಳಗಿನ ಚರ್ಮದ ಮಡಿಕೆಯಿಂದ ಮುಚ್ಚಿಕೊಂಡು ಸುಮಾರು 65 ದಿನ ಕಾವು ಕೊಡುತ್ತದೆ. ಜೊತೆಗಾತಿ ಹುಡುಕುವ ದಿನಗಳನ್ನೂ ಸೇರಿಸಿದರೆ ಸುಮಾರು 115 ದಿನ ಅದರ ಹೊಟ್ಟೆಗೆ ಏನೂ ಬೀಳುವುದಿಲ್ಲ. ದೇಹದ ತೂಕದಲ್ಲಿ ಶೇ. 40ರಷ್ಟು ಇಳಿದುಹೋಗುತ್ತದೆ. ಸೂರ್ಯನಿಲ್ಲದ ಆ ಗಾಳಿಯಲ್ಲಿ ನೂರಾರು, ಸಾವಿರಾರು ಗಂಡುಗಳು ಒತ್ತೊತ್ತಾಗಿ ಗುಂಪುಗೂಡಿ, ಹೊರಗಿದ್ದವು ಒಳಗೆ ಒಳಗಿದ್ದವು ಹೊರಗೆ ಮೆಲ್ಲನೆ ಜಾಗ ಬದಲಿಸುತ್ತ ನಿಲ್ಲುತ್ತವೆ. ಗುಂಪಿನ ನಡುವೆ ಉಷ್ಣತೆ ನಮ್ಮ ಮೈಬಿಸಿಯಷ್ಟು, ಅಂದರೆ 37 ಡಿಗ್ರಿಯವರೆಗೂ ಏರಿದ್ದನ್ನು ಅಳೆದಿದ್ದಾರೆ. ತಾಯಿ ಬರುವುದು ತಡವಾದರೆ, ಬರಿಹೊಟ್ಟೆಯ ಈ ತಂದೆ ತನ್ನ ಅನ್ನನಾಳದಲ್ಲಿ ಸ್ರವಿಸುವ ಮೊಸರಿನಂಥ ದ್ರವವನ್ನು ಮರಿಗೆ ಉಣಿಸಿ ಕೆಲವು ದಿನ ಬದುಕಿಸಬಲ್ಲದು.

ಇಷ್ಟೆಲ್ಲ ನಡೆಯುವುದು ಹೆಪ್ಪುಗಟ್ಟಿದ ಕಡಲ ಮೇಲೆ. ಮರಿಗೆ ನೀರು ಹತ್ತದ ಗರಿ ಬರುವ ತನಕ, ಅಂದರೆ ಡಿಸೆಂಬರ್ ಜನವರಿಯವರೆಗೆ, ಆ ಹಿಮ ಗಟ್ಟಿಯಾಗಿ ನಿಲ್ಲಲೇಬೇಕು. 2022ರ ಕೊನೆಯಲ್ಲಿ ಬೆಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಅದು ನಿಲ್ಲಲಿಲ್ಲ. ಅಲ್ಲಿಯ ಐದು ನೆಲೆಗಳ ಪೈಕಿ ನಾಲ್ಕರಲ್ಲಿ, ಮರಿಗಳಿಗೆ ಗರಿ ಬಲಿಯುವ ಮುನ್ನವೇ ಹಿಮ ಒಡೆದು ಹೋದದ್ದು ಉಪಗ್ರಹ ಚಿತ್ರಗಳಲ್ಲಿ ಕಂಡಿತು. ಆ ವರ್ಷದ ಮರಿಗಳಲ್ಲಿ ಒಂದೂ ಉಳಿದಿರಲಾರದು ಎಂಬ ತೀರ್ಮಾನಕ್ಕೆ ಅಧ್ಯಯನಕಾರರು ಬಂದರು. ಬೆಚ್ಚಗಾದರೆ ಪಾಪದ ಹಕ್ಕಿಗಳಿಗೆ ಅನುಕೂಲವಾಗಲಿ ಎಂದು ಬಯಸುವ ಮುಗ್ಧ ಮನಸ್ಸಿಗೆ ಈ ಸಂಗತಿ ತಿಳಿದಿರಬೇಕು.

ಹಿಮವಿಲ್ಲದ ಆ ಶೇ. 2ರಷ್ಟು ನೆಲದಲ್ಲಿ ಜೀವ ಇನ್ನೂ ಮಿತವಾಗಿದೆ. ಹೂಬಿಡುವ ಸ್ಥಳೀಯ ಸಸ್ಯಗಳು ಎರಡೇ. ಒಂದು ಹುಲ್ಲು, ಇನ್ನೊಂದು ದಿಂಬಿನಂತೆ ಒತ್ತಾಗಿ ಬೆಳೆಯುವ ಪುಟ್ಟ ಗಿಡ. ಎರಡೂ ಖಂಡದ ಪರ್ಯಾಯದ್ವೀಪದ ಭಾಗಕ್ಕೆ ಸೀಮಿತ. ಸದಾ ನೆಲದ ಮೇಲೇ ಬಾಳುವ ಪ್ರಾಣಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ರೆಕ್ಕೆಯಿಲ್ಲದ ಒಂದು ನೊರಜು, ಆರು ಮಿಲಿಮೀಟರ್ ಮೀರದ್ದು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದೂರದ ಬಂಧುಗಳು ಅಲ್ಲಿ ಬಂಡೆಯ ಮೇಲೆ ಮಾತ್ರವಲ್ಲ, ಮರಳುಗಲ್ಲಿನ ಒಳಗೂ, ಕಣಗಳ ನಡುವಿನ ಸಂದಿಯಲ್ಲಿ ಬೆಳಕು ತಲುಪುವಷ್ಟು ಆಳದಲ್ಲಿ ಬದುಕುತ್ತವೆ. ಭಾರತದ ಭಾರತಿ ಕೇಂದ್ರವಿರುವ ಲಾರ್ಸೆಮನ್ ಗುಡ್ಡಗಳಲ್ಲಿ ಸಂಗ್ರಹಿಸಿದ ಒಂದು ಹಾವಸೆಯನ್ನು ನಮ್ಮ ವಿಜ್ಞಾನಿಗಳು ಹೊಸ ಪ್ರಭೇದವೆಂದು ಗುರುತಿಸಿ, 2021ರಲ್ಲಿ ಬ್ರಯಮ್ ಭಾರತಿಯೆನ್ಸೆ ಎಂದು ಹೆಸರಿಟ್ಟರು. ಬರಿಯ ಬಂಡೆಯ ಮೇಲೆ ಅದಕ್ಕೆ ಸಾರಜನಕ ಎಲ್ಲಿಂದ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಪೆಂಗ್ವಿನ್ ಹಿಕ್ಕೆ. ಕಡಲ ಹಿಮದ ಪಾಚಿಯಿಂದ ಕ್ರಿಲ್‌ಗೆ, ಕ್ರಿಲ್‌ನಿಂದ ಹಕ್ಕಿಗೆ, ಹಕ್ಕಿಯಿಂದ ನೆಲದ ಹಸಿರಿಗೆ ಹೀಗೆ ಸಾರ ಏರಿಬರುತ್ತದೆ.

ಅದೇ ಸಾರದ ಒಂದು ಪಾಲು ನಮ್ಮ ಕಡಲಿಗೂ ಹಾರಿ ಬರುತ್ತದೆ. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಎಂಬ, ನಲವತ್ತು ಗ್ರಾಂ ಕೂಡ ತೂಗದ ಕಪ್ಪು ಹಕ್ಕಿ ಅಂಟಾರ್ಕ್ಟಿಕದ ದಡಗಳ ಬಂಡೆ ಸಂದಿಗಳಲ್ಲಿ ಗೂಡು ಮಾಡುತ್ತದೆ. ಕೆಲವು ವರ್ಷ ಗೂಡಿನ ಬಾಯಿಗೆ ಹಿಮ ತುಂಬಿ ಮರಿ ಒಳಗೇ ಸಾಯುವುದುಂಟು. ಅಲ್ಲಿಯ ಚಳಿಗಾಲದಲ್ಲಿ ಅದು ಸಮಭಾಜಕ ವೃತ್ತ ದಾಟಿ ಉತ್ತರಕ್ಕೆ ಬಂದು, ಅರಬ್ಬೀ ಸಮುದ್ರದಲ್ಲಿಯೂ ಮೇಯುತ್ತದೆ. ಕರ್ನಾಟಕದ ಕರಾವಳಿಯಿಂದ ದೋಣಿಯಲ್ಲಿ ದೂರ ಹೋದ ಪಕ್ಷಿವೀಕ್ಷಕರು ಅದನ್ನು ಕಂಡು ದಾಖಲಿಸಿದ್ದಾರೆ. ಬಾಲದ ಬುಡದಲ್ಲಿ ಬಿಳಿಪಟ್ಟೆಯಿರುವ, ನೀರಿನ ಮೇಲೆ ಕಾಲು ತಾಗಿಸುತ್ತ ನಡೆದಂತೆ ಹಾರುವ ಹಕ್ಕಿ ಕಂಡರೆ ಅದು ಯಾವ ನೆಲದ್ದು ಎಂದು ಗುರುತು ಹಿಡಿಯಿರಿ.

ಹಿಮದ ಇನ್ನೊಂದು ಕೆಲಸ ನೆನಪನ್ನು ಕಾಯುವುದು. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳು ಅಂದಂದಿನ ವಾತಾವರಣದ ತುಣುಕುಗಳು. ಯುರೋಪಿನ ವಿಜ್ಞಾನಿಗಳು ಡೋಮ್ ಸಿ ಎಂಬಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಕೊರೆದು ತೆಗೆದ ಹಿಮದ ಕಂಬದಲ್ಲಿ 8 ಲಕ್ಷ ವರ್ಷಗಳ ದಾಖಲೆ ಇದೆ. ಆ ಉದ್ದನೆಯ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 180ರಿಂದ 300 ಭಾಗಗಳ ನಡುವೆ ಏರಿಳಿಯಿತು. ಇಂದು ಅದು 420ನ್ನು ದಾಟಿದೆ. 2025ರ ಜನವರಿಯಲ್ಲಿ ಹತ್ತಿರದ ಮತ್ತೊಂದು ಜಾಗದಲ್ಲಿ 2,800 ಮೀಟರ್ ಆಳದ ಕೊರೆತ ಬಂಡೆಯನ್ನು ಮುಟ್ಟಿತು. ಅಲ್ಲಿಯ ಹಿಮ 12 ಲಕ್ಷ ವರ್ಷಗಳಷ್ಟು ಹಳೆಯದು. ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಇಷ್ಟು ನೇರವಾದ ಸಾಕ್ಷ್ಯ ಬೇರೆಲ್ಲೂ ಸಿಗದು, ಏಕೆಂದರೆ ಇಲ್ಲಿ ಅಳೆಯುತ್ತಿರುವುದು ಆ ಕಾಲದ ಗಾಳಿಯನ್ನೇ.

ಈಗ ಸರಿತೂಗುವಿಕೆಯ ವಿಷಯಕ್ಕೆ ಬರೋಣ. ಪೂರ್ವ ಅಂಟಾರ್ಕ್ಟಿಕದ ಬಹುಭಾಗ ಗಟ್ಟಿನೆಲದ ಮೇಲೆ ಕೂತಿದೆ. ಪಶ್ಚಿಮದ ಹಿಮ ಹಾಗಲ್ಲ. ಅದರ ಬುಡ ಹಲವೆಡೆ ಸಮುದ್ರಮಟ್ಟಕ್ಕಿಂತ ಕೆಳಗಿದ್ದು, ಒಳಕ್ಕೆ ಹೋದಂತೆ ಇನ್ನಷ್ಟು ತಗ್ಗಾಗುತ್ತದೆ. ಕಡಲಾಳದಿಂದ ಬರುವ, ಹೋಲಿಕೆಯಲ್ಲಿ ಬೆಚ್ಚನೆಯ ನೀರು ತೇಲುವ ಹಿಮಚಾಚುಗಳ ಅಡಿಗೆ ನುಗ್ಗಿ ಬುಡವನ್ನು ಸವೆಸುತ್ತಿದೆ. ಸುಮಾರು 120 ಕಿಲೋಮೀಟರ್ ಅಗಲದ ಥ್ವೇಟ್ಸ್ ಹಿಮನದಿ ಇದರಲ್ಲಿ ಅತಿ ಕಳವಳದ್ದು. ಅದೊಂದೇ ಪೂರ್ತಿ ಕಡಲು ಸೇರಿದರೆ ಜಗತ್ತಿನ ಸಮುದ್ರಮಟ್ಟ ಸುಮಾರು 65 ಸೆಂಟಿಮೀಟರ್ ಏರುತ್ತದೆ. ಅದು ನಾಳೆಯೇ ಆಗುವ ಮಾತಲ್ಲ. ಆದರೆ ಉಳ್ಳಾಲದಂಥ, ಮಳೆಗಾಲ ಬಂದಾಗಲೆಲ್ಲ ಕಡಲ್ಕೊರೆತಕ್ಕೆ ಮನೆ ಕಳೆದುಕೊಳ್ಳುವ ಊರುಗಳಿರುವ ಕರಾವಳಿಗೆ ಕೆಲವೇ ಸೆಂಟಿಮೀಟರುಗಳೂ ಲೆಕ್ಕಕ್ಕೆ ಬರುತ್ತವೆ. ಕಡಲ ಹಿಮದ ಕಥೆ ಇನ್ನೂ ಹಠಾತ್ತನೆಯದು. 2014ರವರೆಗೆ ಅದು ಅಲ್ಪಸ್ವಲ್ಪ ಹೆಚ್ಚುತ್ತಲೇ ಇತ್ತು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆಮೇಲೆ ಕುಸಿಯಿತು. 2023ರ ಫೆಬ್ರವರಿಯಲ್ಲಿ ಅದು 18 ಲಕ್ಷ ಚದರ ಕಿಲೋಮೀಟರಿಗೂ ಕೆಳಗಿಳಿಯಿತು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 1.7 ಕೋಟಿಯನ್ನೂ ಮುಟ್ಟಲಿಲ್ಲ. 1979ರಿಂದ ಇರುವ ಉಪಗ್ರಹ ದಾಖಲೆಯಲ್ಲಿ ಚಳಿಗಾಲದ ಹಾಸು ಅಷ್ಟು ಕಿರಿದಾದದ್ದು ಅದೇ ಮೊದಲು.

ಇಂಥ ಖಂಡವನ್ನು ಕಾಯುವ ವ್ಯವಸ್ಥೆ ಇದೆ, ಅದು ಒಳ್ಳೆಯ ವ್ಯವಸ್ಥೆಯೇ. 1961ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕ ಒಪ್ಪಂದ ಖಂಡವನ್ನು ಶಾಂತಿಗೂ ವಿಜ್ಞಾನಕ್ಕೂ ಮೀಸಲಿಟ್ಟಿತು. 1998ರಲ್ಲಿ ಜಾರಿಯಾದ ಪರಿಸರ ವಿಧಿಗಳು ಗಣಿಗಾರಿಕೆಯನ್ನು ನಿಷೇಧಿಸಿದವು. ಜಾರುಬಂಡಿ ಎಳೆಯುತ್ತಿದ್ದ ನಾಯಿಗಳನ್ನೂ ಸೀಲ್‌ಗಳಿಗೆ ರೋಗ ತಗುಲೀತೆಂದು 1994ರೊಳಗೆ ಖಂಡದಿಂದ ಹೊರಗೆ ಕಳಿಸಲಾಯಿತು. 1982ರ ಜನವರಿಯಲ್ಲಿ ಎಸ್. ಜೆಡ್. ಕಾಸಿಂ ನೇತೃತ್ವದಲ್ಲಿ ಮೊದಲ ಬಾರಿಗೆ ಅಲ್ಲಿ ಕಾಲಿಟ್ಟ ಭಾರತ ಮರುವರ್ಷವೇ ಒಪ್ಪಂದವನ್ನು ಸೇರಿತು. ಅಲ್ಲಿ ಕಟ್ಟಿದ ನಮ್ಮ ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿ ಹಿಮದಲ್ಲಿ ಹೂತುಹೋಯಿತು. ಬಳಿಕ ಕಟ್ಟಿದ ಮೈತ್ರಿ ಮತ್ತು ಭಾರತಿ ಬಂಡೆಯ ನೆಲದಲ್ಲಿವೆ. 2022ರಲ್ಲಿ ನಮ್ಮ ಸಂಸತ್ತು ಇದಕ್ಕೆಂದೇ ಕಾಯಿದೆಯನ್ನೂ ಮಾಡಿದೆ.

ಕೊರತೆ ಇರುವುದು ಕಡಲಿನಲ್ಲಿ. ಮೀನಿನ ಆಹಾರಕ್ಕೂ ಎಣ್ಣೆಯ ಮಾತ್ರೆಗಳಿಗೂ ಕ್ರಿಲ್ ಹಿಡಿಯುವ ಹಡಗುಗಳು ಪರ್ಯಾಯದ್ವೀಪದ ಸುತ್ತಮುತ್ತ, ಪೆಂಗ್ವಿನ್‌ಗಳೂ ತಿಮಿಂಗಿಲಗಳೂ ಮೇಯುವ ಅದೇ ನೀರಿನಲ್ಲಿ ಸೇರುತ್ತವೆ. ಆ ವಲಯಕ್ಕೆ ವರ್ಷಕ್ಕೆ 6.2 ಲಕ್ಷ ಟನ್ನಿನ ಮಿತಿಯಿದೆ. ಒಟ್ಟು ರಾಶಿಗೆ ಹೋಲಿಸಿದರೆ ಇದು ಅಲ್ಪವೇ. ಆದರೆ ಮರಿಗೆ ಗುಟುಕು ತರುವ ಹಕ್ಕಿಗೆ ಇಡೀ ಸಾಗರದ ಲೆಕ್ಕದಿಂದ ಪ್ರಯೋಜನವಿಲ್ಲ, ಗೂಡಿನಿಂದ ಈಜಿ ಮರಳುವಷ್ಟು ದೂರದಲ್ಲಿ ಏನಿದೆ ಎಂಬುದೇ ಅದಕ್ಕೆ ಮುಖ್ಯ. ಹಿಡಿಯುವುದನ್ನು ಬೇರೆ ಬೇರೆ ಭಾಗಗಳಿಗೆ ಹಂಚಿ, ಒಂದೇ ಕಡೆ ಮುಗಿಬೀಳದಂತೆ ತಡೆಯುತ್ತಿದ್ದ ನಿಯಮ, ಅಲ್ಲಿಯ ಕಡಲಜೀವಿಗಳ ಸಂರಕ್ಷಣೆಗೆಂದಿರುವ ಅಂತಾರಾಷ್ಟ್ರೀಯ ಆಯೋಗದ ಸದಸ್ಯ ರಾಷ್ಟ್ರಗಳಲ್ಲಿ ಒಮ್ಮತ ಮೂಡದೆ 2024ರಲ್ಲಿ ಬಿದ್ದುಹೋಯಿತು. ಮರುವರ್ಷ ಆಗಸ್ಟ್‌ನಲ್ಲೇ ಮಿತಿ ಮುಟ್ಟಿ, ಅವಧಿಗೆ ಮೊದಲು ಮೀನುಗಾರಿಕೆಯನ್ನು ನಿಲ್ಲಿಸಬೇಕಾಯಿತು. ಪೂರ್ವ ಅಂಟಾರ್ಕ್ಟಿಕ ಮತ್ತು ವೆಡೆಲ್ ಸಮುದ್ರಗಳಲ್ಲಿ ಸಂರಕ್ಷಿತ ಪ್ರದೇಶ ಮಾಡಬೇಕೆಂಬ ಪ್ರಸ್ತಾವಗಳೂ ಅದೇ ಒಮ್ಮತದ ಕೊರತೆಯಿಂದ ವರ್ಷಗಳಿಂದ ಬಾಕಿ ಬಿದ್ದಿವೆ. ಈ ನಿರ್ಧಾರಗಳಾಗುವ ಆಯೋಗದಲ್ಲಿ ಭಾರತಕ್ಕೆ ಸದಸ್ಯತ್ವವಿದೆ, ಸಂರಕ್ಷಿತ ಪ್ರದೇಶಗಳಿಗೆ 2021ರಲ್ಲೇ ಬೆಂಬಲ ಸೂಚಿಸಿಯೂ ಆಗಿದೆ. ಹಿಮ ಕುಗ್ಗುತ್ತಿರುವ ಈ ವರ್ಷಗಳಲ್ಲಿ, ಮರಿಗಳು ಗೂಡಿನಲ್ಲಿರುವ ತಿಂಗಳುಗಳ ಮಟ್ಟಿಗಾದರೂ ನೆಲೆಗಳ ಸುತ್ತ ಕ್ರಿಲ್ ಹಿಡಿಯುವುದನ್ನು ಪೂರ್ತಿ ನಿಲ್ಲಿಸಬೇಕೆಂಬ ಮಾತನ್ನು ನಮ್ಮ ಪ್ರತಿನಿಧಿಗಳು ಅಲ್ಲಿ ಮೊದಲು ಎತ್ತಬೇಕೆಂದು ನಾನು ಬಲವಾಗಿ ನಂಬಿದ್ದೇನೆ.